ಪದವಿಯ ನಂತರದ ಸಂಶೋಧಕ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಕನ್ನಡ ಸಂಶೋಧನ ಕ್ಷೇತ್ರದಲ್ಲಿ 'ತಾಲ್ಲೂಕು ಅಧ್ಯಯನ' ಎಂಬುದು ಒಂದು ಪ್ರತ್ಯೇಕ ಪ್ರಕಾರವೆನ್ನುವಷ್ಟು ಬೆಳೆದು ನಿಂತಿದೆ. ಒಂದು ತಾಲ್ಲೂಕಿನ ಶಾಸನ, ದೇವಾಲಯ, ಸ್ಥಳನಾಮ, ಜಾತ್ರೆ, ಜನಪದ ಸಾಹಿತ್ಯಗಳನ್ನು ಕ್ಷೇತ್ರಕಾರ್ಯದ ಮೂಲಕ ಕಲೆಹಾಕಿ ಪಿಎಚ್.ಡಿ. ಮಹಾಪ್ರಬಂಧವಾಗಿ ಒಪ್ಪಿಸುವುದು ಇದರ ಕ್ರಮ. ಇಂತಹ ಪ್ರಬಂಧಗಳಲ್ಲಿ ಸಂಗ್ರಹವೇ ಹೆಚ್ಚು, ವಿಶ್ಲೇಷಣೆ ಕಡಿಮೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ನಾಲ್ಕೈದು ವರ್ಷ ಊರೂರು ತಿರುಗಿ, ಯಾವ ಹೊಲದ ಬದುವಿನಲ್ಲಿ ಯಾವ ವೀರಗಲ್ಲು ಇದೆಯೆಂದು ಬಲ್ಲ ವ್ಯಕ್ತಿ ಪದವಿ ಪಡೆದ ಮರುದಿನ ಏನಾಗುತ್ತಾನೆ ಎಂಬ ಪ್ರಶ್ನೆಯನ್ನು ವಿಮರ್ಶಕರು ಅಷ್ಟಾಗಿ ಎತ್ತಿಲ್ಲ. ಪ್ರಬಂಧದ ದೌರ್ಬಲ್ಯಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ. ಸಂಗ್ರಹದ ಕೆಲಸ ಪದವಿಯ ಅವಧಿಯಲ್ಲಿ ಮುಗಿಯುತ್ತದೆ. ವಿಶ್ಲೇಷಣೆ ಆರಂಭವಾಗಬೇಕಾದ ಹೊತ್ತಿಗೆ ಶಿಷ್ಯವೇತನ ನಿಂತಿರುತ್ತದೆ.

ಬಹುಪಾಲು ಮಂದಿಗೆ ಮುಂದೆ ಉಳಿಯುವ ದಾರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕ ವೃತ್ತಿ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರ ಗೌರವಧನವನ್ನು ಅರ್ಹತೆ ಹಾಗೂ ಸೇವಾವಧಿಗೆ ಅನುಗುಣವಾಗಿ ತಿಂಗಳಿಗೆ 26,000 ರೂಪಾಯಿಗಳಿಂದ 32,000 ರೂಪಾಯಿಗಳವರೆಗೆ ಏರಿಸಿತು. ಅದಕ್ಕೆ ಮೊದಲಿನ ಮೊತ್ತಕ್ಕೆ ಹೋಲಿಸಿದರೆ ಇದು ದೊಡ್ಡ ಏರಿಕೆಯೇ. ಆದರೆ ಈ ಹಣ ಪಾಠಕ್ಕೆ ಸಲ್ಲುವಂಥದ್ದು, ಸಂಶೋಧನೆಗಲ್ಲ. 2023ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎನ್.ಇ.ಟಿ. ಮೊದಲಾದ ಅರ್ಹತಾ ಪರೀಕ್ಷೆಗಳನ್ನೇ ಕನಿಷ್ಠ ಅರ್ಹತೆಯೆಂದು ಗೊತ್ತುಪಡಿಸಿ ಪಿಎಚ್.ಡಿ.ಯನ್ನು ಐಚ್ಛಿಕಗೊಳಿಸಿದ ಮೇಲೆ, ಪದವಿಯ ಮಾರುಕಟ್ಟೆ ಮೌಲ್ಯವೂ ಕುಗ್ಗಿತು.

ಒಂದು ಶತಮಾನದ ಹಿಂದೆ ಪರಿಸ್ಥಿತಿ ಬೇರೆಯಿತ್ತು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 9ನೆಯ ಸಂಪುಟ 1905ರಲ್ಲಿ ಹೊರಬಂದಿತು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳಿಗೆ ಇಂದಿಗೂ ಅದೇ ಆಧಾರ. ಅದನ್ನು ಸಿದ್ಧಪಡಿಸಿದ್ದು ಮೈಸೂರು ಸರ್ಕಾರದ ಪುರಾತತ್ತ್ವ ಇಲಾಖೆ. ಊರೂರಿಗೆ ಹೋಗಿ ಪಡಿಯಚ್ಚು ತೆಗೆದವರು ಸಂಬಳದ ನೌಕರರು. ರೈಸ್ ಅವರ ನಂತರ 1906ರಲ್ಲಿ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಅದೇ ಅಧಿಕಾರಾವಧಿಯಲ್ಲಿ 'ಕರ್ಣಾಟಕ ಕವಿಚರಿತೆ'ಯ ಮೊದಲ ಎರಡು ಸಂಪುಟಗಳನ್ನು ಹೊರತಂದರು. ಶಾಸನ ಹುಡುಕುವ ಸರ್ಕಾರಿ ಪ್ರವಾಸವೂ ಹಸ್ತಪ್ರತಿ ಹುಡುಕುವ ವಿದ್ವಾಂಸನ ಪ್ರವಾಸವೂ ಆಗ ಬೇರೆ ಬೇರೆಯಾಗಿರಲಿಲ್ಲ. ಸ್ವಾತಂತ್ರ್ಯಾನಂತರ ವಿದ್ವತ್ತು ವಿಶ್ವವಿದ್ಯಾಲಯಗಳತ್ತ ಸರಿದಂತೆ ಇಲಾಖೆಯ ಕೆಲಸ ಹೆಚ್ಚಾಗಿ ಸಂರಕ್ಷಣೆಗೆ ಸೀಮಿತವಾಯಿತು. ಇವೆರಡರ ನಡುವೆ ಸಂಶೋಧಕನಿಗಿದ್ದ ಜಾಗ ಇಲ್ಲದಾಯಿತು.

ಈ ತೆರವನ್ನು ತುಂಬಲೆಂದು ಬಂದ ಯೋಜನೆಗಳು ಇಲ್ಲವೆಂದಲ್ಲ. ಧನಸಹಾಯ ಆಯೋಗದ ರಾಧಾಕೃಷ್ಣನ್ ಹೆಸರಿನ ಪಿಎಚ್.ಡಿ.ಯೋತ್ತರ ಫೆಲೋಶಿಪ್ ಮಾನವಿಕ ವಿಷಯಗಳಿಗೆ ದೊರೆಯುತ್ತದೆ. ಆದರೆ ಅಭ್ಯರ್ಥಿ ವಿಶ್ವವಿದ್ಯಾಲಯದ ವಿಭಾಗದಲ್ಲಿಯೇ ಕುಳಿತಿರಬೇಕು. ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನ ಫೆಲೋಶಿಪ್ಪಿಗೂ ಸಂಸ್ಥೆಯೊಂದರ ಆಶ್ರಯ ಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್ ವ್ಯಕ್ತಿಗೆ ನೇರವಾಗಿ ಸಲ್ಲುತ್ತದೆ, ಆದರೆ ದೀರ್ಘಕಾಲ ಅದರ ಮೊತ್ತ ತಿಂಗಳಿಗೆ 10,000 ರೂಪಾಯಿಯಾಗಿಯೇ ಉಳಿದಿತ್ತು. ಅದೇ ಸಚಿವಾಲಯದ ಟ್ಯಾಗೋರ್ ರಾಷ್ಟ್ರೀಯ ಫೆಲೋಶಿಪ್ ಇವೆಲ್ಲಕ್ಕಿಂತ ಮುಂದೆ ಹೋಗಿ, ವಿದ್ವಾಂಸನನ್ನು ಸಾಂಸ್ಕೃತಿಕ ಸಂಸ್ಥೆಯೊಂದರ ಜೊತೆಗೆ ಕೂಡಿಸುವ ಉದ್ದೇಶ ಹೊಂದಿದೆ. ಉದ್ದೇಶ ಶ್ಲಾಘನೀಯವಾದುದು. ಆದರೆ ಅದರ ಪಟ್ಟಿಯಲ್ಲಿ ಎದ್ದು ಕಾಣುವುದು ರಾಷ್ಟ್ರೀಯ ವಸ್ತುಸಂಗ್ರಹಾಲಯ, ಏಷ್ಯಾಟಿಕ್ ಸೊಸೈಟಿ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳು. ಸಂಪನ್ಮೂಲ ಈಗಾಗಲೇ ಇರುವಲ್ಲಿಗೇ ವಿದ್ವಾಂಸನೂ ಹೋಗುತ್ತಾನೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಗೊಂಡ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು ವಸ್ತುಸಂಗ್ರಹಾಲಯ ಹಾಗೂ ದಾಖಲಾಗಾರಗಳ ಸಹಯೋಗದಲ್ಲಿ ನೀಡಿರುವ ಫೆಲೋಶಿಪ್‌ಗಳು ಈ ದೃಷ್ಟಿಯಿಂದ ಹೆಚ್ಚು ಸೂಕ್ಷ್ಮವಾದವು. ಆದರೆ ಅಲ್ಲಿಯೂ ಸಂಗ್ರಹವುಳ್ಳ ಸಂಸ್ಥೆಯೊಂದು ಮೊದಲೇ ಇರಬೇಕು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತೊಡಕು ಇರುವುದೇ ಇಲ್ಲಿ. 1986ರಲ್ಲಿ ರೂಪುಗೊಂಡ ಈ ಜಿಲ್ಲೆಯ ಆಡಳಿತ ಕಚೇರಿಗಳೇ ಸುಮಾರು ಮೂರು ದಶಕ ಬೆಂಗಳೂರು ನಗರದಲ್ಲಿದ್ದವು. 2007ರಲ್ಲಿ ರಾಮನಗರ ಬೇರೆಯಾದಾಗ ಉಳಿದದ್ದು ನಾಲ್ಕು ತಾಲ್ಲೂಕು. ಕೇಂದ್ರದ ಪಟ್ಟಿಗೆ ಸೇರಬಲ್ಲ ದೊಡ್ಡ ವಸ್ತುಸಂಗ್ರಹಾಲಯವಾಗಲಿ, ಹಸ್ತಪ್ರತಿ ಭಂಡಾರವಾಗಲಿ ಇಲ್ಲಿ ಬೆಳೆಯಲಿಲ್ಲ. ರಾಜಧಾನಿ ಪಕ್ಕದಲ್ಲಿರುವಾಗ ಅದರ ಅಗತ್ಯವೇ ಯಾರಿಗೂ ಕಾಣಲಿಲ್ಲ. ಆದರೆ ಸಾಮಗ್ರಿಗೆ ಕೊರತೆಯಿಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದ ಮಾನ್ಯಪುರ. ಅಲ್ಲಿಯ ತಾಮ್ರಪಟಗಳು ಗಂಗ-ರಾಷ್ಟ್ರಕೂಟ ಸಂಬಂಧದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ದೇವನಹಳ್ಳಿ ತಾಲ್ಲೂಕಿನ ಆವತಿ ನಾಡಪ್ರಭುಗಳ ಮೂಲಸ್ಥಾನ. ದೊಡ್ಡಬಳ್ಳಾಪುರದ ಮಗ್ಗಗಳ ಹಿಂದೆ ನೇಕಾರ ಸಮುದಾಯಗಳ ಬಹುಭಾಷಿಕ ನೆನಪಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಆಡಳಿತ ಇತ್ತ ಹಬ್ಬಿದ ನಂತರ ಈ ಸೀಮೆಯಲ್ಲಿ ತಮಿಳು ಶಾಸನಗಳು ಹೇರಳವಾಗಿ ಹುಟ್ಟಿದವು. ಕನ್ನಡ ಎಂ.ಎ. ಪದವೀಧರನಿಗೆ ಹಳಗನ್ನಡ ಬಂದರೂ ತಮಿಳು ಲಿಪಿ, ಗ್ರಂಥಲಿಪಿ ಬರುವುದು ಅಪರೂಪ. ಮೂರು ವರ್ಷದ ಪಿಎಚ್.ಡಿ. ಅವಧಿಯಲ್ಲಿ ಅದನ್ನು ಕಲಿಯುವುದು ಕಷ್ಟ. ಪದವಿಯ ನಂತರದ ಎರಡು ವರ್ಷ ನಿಜವಾಗಿ ಬೇಕಾಗುವುದು ಇಂತಹ ಕಲಿಕೆಗೆ.

ಕಾಲವೂ ಕಾಯುತ್ತಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಜಮೀನಿನ ಬಳಕೆ ಬದಲಾದ ವೇಗ ಎಲ್ಲರ ಕಣ್ಣೆದುರಿನದು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ರೈತರ ದೀರ್ಘ ಹೋರಾಟದ ಬಳಿಕ 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಆ ಚರ್ಚೆ ಫಲವತ್ತಾದ ಭೂಮಿಯದು, ಬದುಕಿನದು, ಅದು ನ್ಯಾಯವೇ. ಲೇಔಟು, ರಸ್ತೆಗಳ ಕೆಳಗೆ ಸೇರುವ ಕಲ್ಲುಗಳ ಬಗೆಗೆ ಮಾತಾಡುವವರು ಕಡಿಮೆ.

ಈ ಕಲ್ಲುಗಳನ್ನು ಹುಡುಕುವ ಕೆಲಸ ಇತ್ತೀಚೆಗೆ ವ್ಯವಸ್ಥಿತವಾಗಿ ನಡೆದದ್ದು ವಿಶ್ವವಿದ್ಯಾಲಯದ ಹೊರಗೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸಲಾಗುತ್ತಿದೆ. ಇದರ ಮುಂದಾಳು ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಎಂಜಿನಿಯರ್. ಸವೆದ ಅಕ್ಷರಗಳು ಇದರಿಂದ ಮತ್ತೆ ಓದಿಗೆ ಸಿಗುತ್ತಿವೆ. ಹಳೆಯ ಪಾಠಗಳನ್ನು ತಿದ್ದಲೂ ಸಾಧ್ಯವಾಗಿದೆ. ಇದನ್ನು ಹವ್ಯಾಸಿಗಳ ಕೆಲಸವೆಂದು ಬದಿಗೆ ಸರಿಸುವುದು ಅವಿವೇಕ. ಅಂಥ ತಂಡದೊಳಗೆ ಶಾಸನದ ಭಾಷೆ, ಭೂದಾನದ ಪರಿಭಾಷೆ, ಸ್ಥಳನಾಮದ ಬದಲಾವಣೆ ಬಲ್ಲ ಹೊಸ ಪಿಎಚ್.ಡಿ. ಪದವೀಧರರನ್ನು ಎರಡು ವರ್ಷ ನಿಲ್ಲಿಸುವ ಸಾರ್ವಜನಿಕ ನಿಧಿ ಏಕಿಲ್ಲ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಅಮೆರಿಕದ 'ಅಮೆರಿಕನ್ ಕೌನ್ಸಿಲ್ ಆಫ್ ಲರ್ನೆಡ್ ಸೊಸೈಟೀಸ್' 2011ರಲ್ಲಿ ಆರಂಭಿಸಿದ ಪಬ್ಲಿಕ್ ಫೆಲೋಸ್ ಯೋಜನೆ ಇಲ್ಲಿ ನೆನಪಿಗೆ ಬರುತ್ತದೆ. ಅದರಲ್ಲಿ ಮೊದಲು ಗೊತ್ತಾಗುತ್ತಿದ್ದುದು ಸಂಸ್ಥೆಗೆ ಬೇಕಾದ ಕೆಲಸ. ಆಮೇಲೆ ಆ ಕೆಲಸಕ್ಕೆ ಹೊಸ ಪಿಎಚ್.ಡಿ. ಪದವೀಧರರ ಆಯ್ಕೆ ನಡೆಯುತ್ತಿತ್ತು, ಅವಧಿ ಎರಡು ವರ್ಷ. ಈ ಕ್ರಮ ಅನುಕರಣೀಯ. ಆದರೆ ಅಲ್ಲಿಯ ಅತಿಥೇಯ ಸಂಸ್ಥೆಗೆ ಕಚೇರಿ, ಸಿಬ್ಬಂದಿ, ಲೆಕ್ಕಪತ್ರ ಎಲ್ಲವೂ ಇರುತ್ತಿತ್ತು. ಮುಜರಾಯಿಗೆ ಸೇರಿದ ಹಳ್ಳಿಯ ಗುಡಿಗೆ, ನೇಕಾರರ ಸಹಕಾರ ಸಂಘಕ್ಕೆ, ತಾಲ್ಲೂಕು ಗ್ರಂಥಾಲಯಕ್ಕೆ ಸಂಶೋಧಕನ ಹಾಜರಿ ಹಾಕಿಕೊಳ್ಳುವ ಶಕ್ತಿಯೂ ಇಲ್ಲ. ಆದ್ದರಿಂದ ಇಲ್ಲಿ ಹಣದ ಒಂದು ಪಾಲು ಸಂಶೋಧಕನಿಗಲ್ಲದೆ ಅತಿಥೇಯ ಸಂಸ್ಥೆಗೂ ಸಲ್ಲಬೇಕು: ಒಂದು ಬೀರು, ಒಂದು ಕ್ಯಾಮೆರಾ, ಊರಿನಲ್ಲಿ ಕಲ್ಲು ಕಾಯುವವನಿಗೆ ಒಂದಿಷ್ಟು ಗೌರವಧನ.

ಇದಕ್ಕೆ ನಿಧಿಯೇ ಇಲ್ಲವೆನ್ನುವಂತಿಲ್ಲ. 2013ರ ಕಂಪನಿಗಳ ಕಾಯ್ದೆಯ 7ನೆಯ ಅನುಸೂಚಿಯು ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯನ್ನೂ ಸಾರ್ವಜನಿಕ ಗ್ರಂಥಾಲಯಗಳನ್ನೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಬಾಬುಗಳಲ್ಲಿ ಸೇರಿಸಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಈ ಕಾಯ್ದೆಗೆ ಒಳಪಡುವ ಉದ್ಯಮಗಳಿವೆ. ಕಲ್ಯಾಣಿಯ ಜೀರ್ಣೋದ್ಧಾರಕ್ಕೆ ನಾಮಫಲಕ ಹಾಕಬಹುದು. ಶಾಸನ ಓದುವವನ ಸಂಬಳಕ್ಕೆ ಫಲಕ ಹಾಕಲು ಬರುವುದಿಲ್ಲ. 2025ರ ಜುಲೈಯಲ್ಲಿ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು 'ಬೆಂಗಳೂರು ಉತ್ತರ'ವೆಂದು ಬದಲಿಸಲು ಒಪ್ಪಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ತಾಲ್ಲೂಕಿಗೆ ಒಬ್ಬರಂತೆ ನಾಲ್ವರು ಸಂಶೋಧಕರನ್ನು ಎರಡು ವರ್ಷದ ಅವಧಿಗೆ, ಅತಿಥಿ ಉಪನ್ಯಾಸಕರಿಗಿಂತ ಕಡಿಮೆಯಿಲ್ಲದ ವೇತನಕ್ಕೆ ನಿಯೋಜಿಸಿ, ರೈಸ್ ಸಂಪುಟದ ಪ್ರತಿಯೊಂದು ಕಲ್ಲೂ ಈಗ ಎಲ್ಲಿದೆಯೆಂಬ ಪಟ್ಟಿಯಿಂದ ಕೆಲಸ ಆರಂಭಿಸಬಹುದು.