ತಂತಿ ಸರಾಗ ಓಡಲಿ, ಆಂಪಿಯರ್ ಆಮೇಲೆ

ಗೇಟು, ಗ್ರಿಲ್ಲು, ಶೆಡ್ಡು ಮಾಡುವ ಸಣ್ಣ ವರ್ಕ್‌ಶಾಪಿನವರೂ ಈಗ ರಾಡ್ ಮಷೀನಿನ ಪಕ್ಕದಲ್ಲಿ ಒಂದು ಮಿಗ್, ಅಂದರೆ ಗ್ಯಾಸಿನ ರಕ್ಷಣೆಯಲ್ಲಿ ತಂತಿ ಓಡಿಸಿ ಬೆಸೆಯುವ ಮಷೀನು, ಇಟ್ಟುಕೊಳ್ಳುವುದು ಒಳ್ಳೆಯದು. ತೆಳು ಪೈಪಿನ ಕೆಲಸ ಬಂದಾಗ ಅದರ ಬೆಲೆ ತಿಳಿಯುತ್ತದೆ. 18 ಗೇಜಿನ ಚೌಕ ಪೈಪಿಗೆ ರಾಡ್ ಹಿಡಿದು ತೂತು ಮಾಡುವುದು, ಆ ತೂತು ಮುಚ್ಚಲು ಹೋಗಿ ಇನ್ನಷ್ಟು ದೊಡ್ಡದು ಮಾಡುವುದು ವೆಲ್ಡರುಗಳಿಗೆಲ್ಲ ಗೊತ್ತಿರುವ ಪಾಡು. ಮಿಗ್‌ಗೆ 0.8 ಮಿಲಿಮೀಟರ್ ತಂತಿ ಹಾಕಿಕೊಂಡರೆ ಅದೇ ಪೈಪು ಮಾತು ಕೇಳುತ್ತದೆ. ಸ್ಲ್ಯಾಗ್ ಕುಟ್ಟುವ ಕೆಲಸವಿಲ್ಲ, ಉಳಿದ ರಾಡ್ ತುಂಡು ಎಸೆಯುವ ದಂಡವೂ ಇಲ್ಲ. ಕೊಳ್ಳಬೇಕು ಸರಿ, ಯಾವುದನ್ನು?

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಆಂಪಿಯರ್. 'ಇದು 200, ಇದು 250, ಇದು 400 ಸಾರ್.' ಆ ಅಂಕಿ ಎಷ್ಟೋ ಸಲ ಮಾಡೆಲ್ಲಿನ ಹೆಸರಷ್ಟೇ. ನಿಜ ಸಂಗತಿ ಇರುವುದು ಮಷೀನಿನ ಹಿಂಬದಿಗೆ ಅಂಟಿಸಿದ ಪಟ್ಟಿಯಲ್ಲಿ. ಅಲ್ಲಿ 200 ಆಂಪಿಯರ್ ಎದುರು ಡ್ಯೂಟಿ ಸೈಕಲ್ ಶೇ 60 ಎಂದಿದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಬಹುದು, ನಾಲ್ಕು ನಿಮಿಷ ಬಿಡುವು ಕೊಡಬೇಕು. ಎಷ್ಟು ಸೆಖೆಯಲ್ಲಿ ಎಂಬುದೂ ಮುಖ್ಯ. ಐಇಸಿ 60974 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 40 ಡಿಗ್ರಿಯಲ್ಲಿ ಅಳೆದ ಲೆಕ್ಕವಾಗಿರಬೇಕು. 25 ಡಿಗ್ರಿಯಲ್ಲಿ ಅಳೆದ ಅಂಕಿ ಏಪ್ರಿಲ್ ತಿಂಗಳ ರಾಯಚೂರಿನ ತಗಡಿನ ಶೆಡ್ಡಿಗೆ ಉಪಯೋಗವಿಲ್ಲ. ಅದೇ ಮಾನದಂಡದಲ್ಲಿ ಇನ್ನೊಂದು ಸುಲಭದ ಸೂತ್ರವಿದೆ: ಆಂಪಿಯರನ್ನು 0.05ರಿಂದ ಗುಣಿಸಿ 14 ಕೂಡಿಸಿದರೆ ಮಿಗ್‌ನ ವೋಲ್ಟೇಜ್ ಸಿಗುತ್ತದೆ. 200 ಆಂಪಿಯರ್‌ಗೆ 24 ವೋಲ್ಟ್. ಪಟ್ಟಿಯಲ್ಲಿ ಈ ಜೋಡಿ ಹೊಂದದಿದ್ದರೆ ಉಳಿದ ಅಂಕಿಗಳನ್ನೂ ಅನುಮಾನದಿಂದಲೇ ನೋಡಿ.

ಇಷ್ಟು ಹೇಳಿದ ಮೇಲೂ ಆಂಪಿಯರ್ ನನಗೆ ಎರಡನೆಯ ಮಾತು. ರಾಡ್ ಮಷೀನಿನಲ್ಲಿ ನಾವು ಕರೆಂಟನ್ನು ಕಟ್ಟಿಹಾಕುತ್ತೇವೆ. ಮಿಗ್‌ನಲ್ಲಿ ಕಟ್ಟಿಹಾಕುವುದು ವೋಲ್ಟೇಜನ್ನು. ತಂತಿ ಎಷ್ಟು ಬೇಗ ಬರುತ್ತದೋ ಅದಕ್ಕೆ ತಕ್ಕಷ್ಟು ಕರೆಂಟು ಹರಿಯುತ್ತದೆ. ತಂತಿ ಒಂದು ಗಳಿಗೆ ಜಾರಿದರೆ ಆರ್ಕ್ ಮೇಲೇರಿ ತಂತಿ ಟಾರ್ಚಿನ ಟಿಪ್ಪಿಗೇ ಕಚ್ಚಿಕೊಳ್ಳುತ್ತದೆ. ಬೀಡ್ ಕೆಟ್ಟಿತೆಂದು ವೆಲ್ಡರನ್ನು ಬೈಯುವ ಮಾಲೀಕರು ಮೊದಲು ತಂತಿಯ ದಾರಿಯನ್ನು ನೋಡಬೇಕು.

ಹಾಗಾಗಿ ಮಷೀನಿನ ಪಕ್ಕದ ಬಾಗಿಲು ತೆರೆಸಿ. ಅಗ್ಗದವುಗಳಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಎರಡು ರೋಲರ್ ಇರುತ್ತವೆ, ತಿರುಗಿಸುವುದು ಅವುಗಳಲ್ಲಿ ಒಂದೇ. ಬಿಸಿಗೆ ಆ ಚೌಕಟ್ಟು ಸೊಟ್ಟಗಾದರೆ ತಂತಿ ಹಿಡಿತ ತಪ್ಪುತ್ತದೆ. ಲೋಹದ ಚೌಕಟ್ಟು, ನಾಲ್ಕು ರೋಲರ್ ಇರುವ ಫೀಡರ್‌ಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಕಬ್ಬಿಣದ ತಂತಿಗೆ ವಿ ಆಕಾರದ ತೋಡಿನ ರೋಲರ್ ಬೇಕು, ತೋಡಿನ ಅಳತೆ ರೋಲರಿನ ಅಂಚಿನಲ್ಲೇ ಅಚ್ಚೊತ್ತಿರುತ್ತದೆ. 15 ಕೆ.ಜಿ. ಸುರುಳಿ ಒಳಗೆ ಹಿಡಿಸುತ್ತದೆಯೇ ಎಂದು ಕೇಳಿ. 5 ಕೆ.ಜಿ. ಸುರುಳಿ ಮಾತ್ರ ಹಿಡಿಸುವ ಮಷೀನಿನಲ್ಲಿ ಕಿಲೋ ಲೆಕ್ಕಕ್ಕೆ ತಂತಿ ದುಬಾರಿ ಬೀಳುತ್ತದೆ. ಟಾರ್ಚ್ ಯೂರೋ ಕನೆಕ್ಟರಿನದೇ ಆಗಿರಲಿ. ನಾಳೆ ಟಾರ್ಚ್ ಹಾಳಾದರೆ ಯಾವ ಅಂಗಡಿಯದಾದರೂ ಕೂರುತ್ತದೆ. 15, 24, 36 ಎಂದು ಟಾರ್ಚ್‌ಗಳಿಗೆ ನಂಬರುಗಳಿವೆ. 250 ಆಂಪಿಯರ್ ಮಷೀನಿಗೆ 15ರ ಟಾರ್ಚ್ ಸಿಕ್ಕಿಸಿ ಕೊಡುವವರಿದ್ದಾರೆ, ಅದು ಸುಮಾರು 180 ಆಂಪಿಯರ್‌ಗೆ ಲಾಯಕ್ಕು. 24 ಕೇಳಿ ಪಡೆಯಿರಿ. ಕೇಬಲ್ ಮೂರು ಮೀಟರ್ ಸಾಕು. ಐದು ಮೀಟರಿನ ಕೇಬಲ್ ಸುತ್ತಿಕೊಂಡು ಬಿದ್ದರೆ ಒಳಗಿನ ಲೈನರಿನಲ್ಲಿ ತಂತಿ ಉಜ್ಜಿ ಉಜ್ಜಿ ನಿಲ್ಲುತ್ತದೆ.

ಇನ್ನು ವಿದ್ಯುತ್ತು. 200 ಆಂಪಿಯರ್, 24 ವೋಲ್ಟ್ ಎಂದರೆ ಹೊರಗೆ ಬರುವುದೇ 4.8 ಕಿಲೋವ್ಯಾಟ್. ಒಳಗಿನ ನಷ್ಟ ಸೇರಿಸಿದರೆ ಗೋಡೆಯಿಂದ ಐದೂವರೆ ಕಿಲೋವ್ಯಾಟ್ ದಾಟುತ್ತದೆ. ಸಿಂಗಲ್ ಫೇಸಿನಲ್ಲಿ 25ರಿಂದ 30 ಆಂಪಿಯರ್ ಎಳೆಯುವ ಇದಕ್ಕೆ ಮನೆಯ 16 ಆಂಪಿಯರ್ ಪ್ಲಗ್ ತಾಳುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಬೆಸ್ಕಾಂ, ಹೆಸ್ಕಾಂ, ಯಾವುದೇ ಇರಲಿ, ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ. ಮೂರು ಕಿಲೋವ್ಯಾಟ್ ಮೀಟರಿಗೆ 250ರ ಮಷೀನು ತಂದು ಶೋಕಿಗೆ ನಿಲ್ಲಿಸಬೇಕಾದೀತು. ತ್ರೀ ಫೇಸ್ ಇದ್ದರೆ ತ್ರೀ ಫೇಸ್ ಮಷೀನನ್ನೇ ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ.

ಇನ್ವರ್ಟರೋ, ಹಳೆಯ ಟ್ರಾನ್ಸ್‌ಫಾರ್ಮರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಟ್ರಾನ್ಸ್‌ಫಾರ್ಮರ್ ಮಷೀನನ್ನು ಸರಿಸಲು ಇಬ್ಬರು ಬೇಕು, ಆದರೆ ಧೂಳಿಗೆ ಅಂಜುವುದಿಲ್ಲ. ಇನ್ವರ್ಟರಿನಲ್ಲಿ ಆರ್ಕ್ ನಯ, ಹೊರುವುದು ಹಗುರ, ವಿದ್ಯುತ್ ಉಳಿತಾಯ. ಗ್ರೈಂಡರಿನ ಕಬ್ಬಿಣದ ಪುಡಿ ಫ್ಯಾನಿನ ಗಾಳಿಯೊಂದಿಗೆ ಒಳಹೊಕ್ಕು ಬೋರ್ಡಿನ ಮೇಲೆ ಕೂತರೆ ಮಾತ್ರ ಮುಗಿಯಿತು. ನನ್ನ ಓಟು ಇನ್ವರ್ಟರಿಗೇ. ಆದರೆ ಗ್ರೈಂಡಿಂಗ್ ಜಾಗದಿಂದ ಅದನ್ನು ದೂರ ಇಡಿ, ಆಗಾಗ ಪ್ಲಗ್ ಕಿತ್ತು ಬ್ಲೋವರ್ ಹೊಡೆಯಿರಿ.

ಗ್ಯಾಸಿನ ವಿಷಯ ಅಂಗಡಿಯವರು ಹೇಳುವುದೇ ಕಡಿಮೆ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಮಿಗ್ ವಿಧಾನ ರೂಪುಗೊಂಡಿದ್ದು ಅಲ್ಯುಮಿನಿಯಂಗಾಗಿ, ದುಬಾರಿ ಜಡ ಅನಿಲಗಳ ರಕ್ಷಣೆಯಲ್ಲಿ. ಉಕ್ಕಿನ ಕೆಲಸಕ್ಕೆ ಇದು ಅಗ್ಗವಾದದ್ದು 1950ರ ದಶಕದಲ್ಲಿ ಸಿಒಟು ಬಳಕೆ ಶುರುವಾದ ಮೇಲೆ. ನಮ್ಮ ವರ್ಕ್‌ಶಾಪುಗಳಲ್ಲೂ ಅದನ್ನೇ ಹೆಚ್ಚಾಗಿ ಬಳಸುತ್ತಾರೆ. ಮಿಗ್ ಎನ್ನುವವರಿಗಿಂತ ಸಿಒಟು ವೆಲ್ಡಿಂಗ್ ಎನ್ನುವವರೇ ಜಾಸ್ತಿ. ಶೇ 80 ಆರ್ಗಾನ್, ಶೇ 20 ಸಿಒಟು ಇರುವ ಮಿಕ್ಸ್ ಗ್ಯಾಸಿನಲ್ಲಿ ಕಿಡಿ ಸಿಡಿಯುವುದು ಕಡಿಮೆ, ಬೀಡ್ ನುಣುಪು. ಪೌಡರ್ ಕೋಟಿಂಗಿಗೆ ಹೋಗುವ ಮಾಲಿಗೆ ಅದು ಸೈ. ಗೇಟಿಗೆ ಬರೀ ಸಿಒಟು ಸಾಕು, ಗ್ರೈಂಡರ್ ಇದ್ದೇ ಇದೆ. ಸಿಒಟು ರೆಗ್ಯುಲೇಟರಿಗೆ ಹೀಟರ್ ಬೇಕು, ಇಲ್ಲದಿದ್ದರೆ ಹೊರಬರುವ ಗ್ಯಾಸಿನ ತಂಪಿಗೆ ರೆಗ್ಯುಲೇಟರ್ ಹೆಪ್ಪುಗಟ್ಟುತ್ತದೆ. ಸಿಲಿಂಡರಿನೊಳಗೆ ಗ್ಯಾಸ್ ದ್ರವವಾಗಿರುವುದರಿಂದ ಮುಳ್ಳು ಬಹುತೇಕ ಕೊನೆಯವರೆಗೂ ತುಂಬಿದಂತೆಯೇ ತೋರಿಸುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಹಾಕುವುದೊಂದೇ ದಾರಿ; ಖಾಲಿ ಸಿಲಿಂಡರಿನ ತೂಕ ಅದರ ಕುತ್ತಿಗೆಯ ಹತ್ತಿರ ಕೆತ್ತಿರುತ್ತದೆ. ಗ್ಯಾಸ್ ಹಾರಿಹೋಗದಿರಲೆಂದು ಶಟರ್ ಪೂರ್ತಿ ಎಳೆದುಕೊಂಡು ಕೆಲಸ ಮಾಡುವ ಅಭ್ಯಾಸ ಮಾತ್ರ ಖಂಡಿತ ಬೇಡ. ಉಸಿರು ಕಟ್ಟುತ್ತದೆ.

ಗ್ಯಾಸ್ ಬೇಡದ ಫ್ಲಕ್ಸ್ ತಂತಿಯ ಪುಟ್ಟ ಮಷೀನುಗಳು ಮನೆಯ ಹವ್ಯಾಸಕ್ಕೆ ಚೆನ್ನ. ಹೊಟ್ಟೆಪಾಡಿಗಲ್ಲ.

ಮಿಗ್‌ನ ಒಂದು ಮೋಸ ಹೇಳಲೇಬೇಕು. ರಾಡ್ ವೆಲ್ಡಿಂಗ್ ಕೆಟ್ಟಿದ್ದರೆ ಸಾಮಾನ್ಯವಾಗಿ ನೋಡಿದರೇ ಗೊತ್ತಾಗುತ್ತದೆ. ಮಿಗ್‌ನದು ಮೇಲೆ ಅಂದವಾಗಿದ್ದು ಕೆಳಗೆ ಬೆಸೆದಿರದೆ ಸುಮ್ಮನೆ ಕೂತಿರಬಹುದು. 6 ಮಿಲಿಮೀಟರ್ ದಾಟಿದ ಪ್ಲೇಟಿಗೆ ಸಣ್ಣ ಮಷೀನಿನಲ್ಲಿ ಹೀಗಾಗುವುದು ಹೆಚ್ಚು. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಟ್ರೇಲರಿನ ಚಾಸಿಗೆ 200ರ ಮಷೀನು ಹಿಡಿಯುವುದು ಗಂಡಾಂತರ. ಅಂಥ ಕೆಲಸಕ್ಕೆ 350 ಬೇಕು, ಇಲ್ಲವೇ ರಾಡೇ ಇರಲಿ. ಸೈಟಿಗೆ ಹೋಗಿ ಗಾಳಿಯಲ್ಲಿ ಗೇಟು ನಿಲ್ಲಿಸುವಾಗಲೂ ರಾಡೇ ಸರಿ, ಗ್ಯಾಸು ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಮಷೀನು ಮಾರಬೇಡಿ.

ಬ್ರ್ಯಾಂಡ್ ಯಾವುದು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಬೋರ್ಡ್ ಸುಟ್ಟರೆ ನಿಮ್ಮೂರಲ್ಲಿ ರಿಪೇರಿ ಮಾಡುವವರು ಯಾರು? ಇಸಾಬ್, ಅಡೋರ್, ಪ್ಯಾನಾಸೋನಿಕ್ ಒಳ್ಳೆಯ ಹೆಸರುಗಳೇ. ಸರ್ವಿಸ್ ನೂರು ಕಿಲೋಮೀಟರ್ ಆಚೆ ಇದ್ದರೆ ಹತ್ತಿರದಲ್ಲಿ ಬಿಡಿಭಾಗ ಸಿಗುವ ಸಾಧಾರಣ ಮಷೀನೇ ಮೇಲು. ಗೇಟು, ಗ್ರಿಲ್ಲಿನ ವರ್ಕ್‌ಶಾಪಿಗೆ ನನ್ನ ತೀರ್ಪು ಇಷ್ಟು: ತ್ರೀ ಫೇಸ್, 250 ಆಂಪಿಯರ್, ನಾಲ್ಕು ರೋಲರಿನ ಫೀಡರ್, 24ರ ಟಾರ್ಚ್, 0.8ರ ಇಆರ್ 70 ಎಸ್-6 ತಂತಿ. ಸಿಂಗಲ್ ಫೇಸ್ ಮಾತ್ರ ಇದ್ದರೆ ಆಸೆಯನ್ನು 200ಕ್ಕೆ ಇಳಿಸಿ, ಫೀಡರಿನಲ್ಲಿ ಮಾತ್ರ ರಾಜಿ ಬೇಡ.

ಕೊಳ್ಳಲು ಹೋಗುವಾಗ ನಿಮ್ಮದೇ 18 ಗೇಜಿನ ಪೈಪು ಮತ್ತು 6 ಮಿಲಿಮೀಟರ್ ಪಟ್ಟಿಯ ತುಂಡುಗಳನ್ನು ಚೀಲದಲ್ಲಿ ಒಯ್ಯಿರಿ. ಆರ್ಕ್ ಒಂದೇ ಶ್ರುತಿಯಲ್ಲಿ ಚರ್ರೆನ್ನಬೇಕು. ಪಟಪಟ ಎಂದರೆ ತಂತಿಯೋ ವೋಲ್ಟೇಜೋ ತಾಳ ತಪ್ಪಿದೆ. ಪಟ್ಟಿಯನ್ನು ಒಂದೇ ಬದಿಗೆ ಟೀ ಆಕಾರದಲ್ಲಿ ಬೆಸೆದು, ಸುತ್ತಿಗೆಯಿಂದ ಬಡಿದು ಮುರಿದು ಬೇರು ನೋಡಿ. ಚಾಲೂ ಮಾಡಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಚಹಾ ಕೊಟ್ಟರೆ ಕುಡಿದು ಎದ್ದು ಬನ್ನಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಬೇರೆ ಅಂಗಡಿಗಳಿಗೇನೂ ಬರವಿಲ್ಲ.