ಮೂರು ತಲೆಮಾರಿನ ಟೂರು

ಬೆಳಿಗ್ಗೆ ಐದಕ್ಕೆ ಮಂಗಳೂರು ಬಿಡುವುದು, ಧರ್ಮಸ್ಥಳ, ಅಲ್ಲಿಂದ ಸುಬ್ರಹ್ಮಣ್ಯ, ಹೊತ್ತಿದ್ದರೆ ನಡುವೆ ಸೌತಡ್ಕ, ರಾತ್ರಿ ಹತ್ತಕ್ಕೆ ಮನೆ. ಮೇ ತಿಂಗಳಲ್ಲಿ ಬೆಂಗಳೂರು, ಮುಂಬೈಗಳಿಂದ ಮಕ್ಕಳು ಮೊಮ್ಮಕ್ಕಳು ಬಂದು ಸೇರಿದ ಮರುದಿನವೇ ನಮ್ಮ ಮನೆಗಳಲ್ಲಿ ನಿಶ್ಚಯವಾಗುವ ಟೂರು ಇದು. ಟೆಂಪೋ ಟ್ರಾವೆಲರ್ ಗೊತ್ತುಮಾಡುವವರು ಒಬ್ಬರು, ಅವಲಕ್ಕಿ, ನೀರು, ವಾಂತಿಗೆ ಪ್ಲಾಸ್ಟಿಕ್ ಚೀಲ ಹೊಂದಿಸುವವರು ಇನ್ನೊಬ್ಬರು. ಕಥೋಲಿಕರ ಮನೆಗಳಲ್ಲಿ ವೇಲಾಂಕಣಿ, ಬ್ಯಾರಿಗಳಲ್ಲಿ ಅಜ್ಮೀರ್ ಎಂದು ಊರಿನ ಹೆಸರು ಬದಲಾಗುತ್ತದೆ, ಅಷ್ಟೆ.

ಈ ಪದ್ಧತಿಯನ್ನು ಹಳತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಚಿಕ್ಕಮಗಳೂರಿನ ರೆಸಾರ್ಟಿನಲ್ಲಿ ಮೊಮ್ಮಕ್ಕಳು ಈಜುಕೊಳಕ್ಕೆ ಇಳಿಯುತ್ತಾರೆ, ಮಗ ಸೊಸೆ ಎಸ್ಟೇಟಿನಲ್ಲಿ ಸುತ್ತುತ್ತಾರೆ, ಅಜ್ಜಿ ಕೋಣೆಯಲ್ಲಿ ಟಿ.ವಿ. ಮುಂದೆ ಕೂತಿರುತ್ತಾರೆ. ದೇವಸ್ಥಾನದ ಟೂರಿನಲ್ಲಿ ಹಾಗಾಗುವುದಿಲ್ಲ. ಮೊಮ್ಮಗನ ಜ್ವರಕ್ಕೆ ಹರಕೆ ಹೇಳಿಕೊಂಡವರು ಅಜ್ಜಿಯೇ. ಅಲ್ಲಿ ಯಾವ ಸೇವೆ ಮಾಡಿಸಬೇಕು, ಯಾರ ಹೆಸರು ನಕ್ಷತ್ರ ಹೇಳಬೇಕು ಎಂಬುದು ಅವರಿಗೆ ಮಾತ್ರ ಗೊತ್ತು. ಧರ್ಮಸ್ಥಳದ ಅನ್ನಪೂರ್ಣದಲ್ಲಿ ಸಾಲಾಗಿ ಕೂತು ಉಣ್ಣುವಾಗ ಊಟದ ಬಿಲ್ಲು ಯಾರು ಕೊಡಬೇಕು, ಸಸ್ಯಾಹಾರವೋ ಮಾಂಸಾಹಾರವೋ ಎಂಬ ತಕರಾರುಗಳೂ ಇಲ್ಲ. ಹಲವು ಸಂಸಾರಗಳು ಜಗಳವಿಲ್ಲದೆ ಒಂದು ದಿನ ಕಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಮ್ಮ ಜಿಲ್ಲೆ ಇನ್ನೂ ಕಂಡುಕೊಂಡಿಲ್ಲ.

ಕೆಡುವುದು ವೇಳಾಪಟ್ಟಿಯಲ್ಲಿ. ಮಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿ.ಮೀ., ಅಲ್ಲಿಂದ ಸುಬ್ರಹ್ಮಣ್ಯಕ್ಕೆ 55ರ ಹತ್ತಿರ, ಮರಳಿ ಬರಲು ನೂರು ಚಿಲ್ಲರೆ. ತಿರುವುಗಳ ರಸ್ತೆಯಲ್ಲಿ ಈ ದೂರ ಸವೆಸುವುದಕ್ಕೇ ಆರೇಳು ಗಂಟೆ ಹೋಗುತ್ತದೆ. ಉಳಿದ ಹೊತ್ತನ್ನು ರಜೆ ದಿನದ ಕ್ಯೂ ತಿನ್ನುತ್ತದೆ. ಮಧ್ಯಾಹ್ನ ಒಂದೂವರೆಗೆ ಎಪ್ಪತ್ತೈದರ ಅಜ್ಜನಿಗೂ ಎರಡು ವರ್ಷದ ಕೂಸಿಗೂ ಒಟ್ಟಿಗೇ ಕಣ್ಣು ಎಳೆಯುತ್ತದೆ. ಇಬ್ಬರ ದೇಹದ ಗಡಿಯಾರ ಒಂದೇ. ಅದನ್ನು ಲೆಕ್ಕಕ್ಕೆ ಹಿಡಿಯದವರು ನಡುವಿನ ತಲೆಮಾರಿನವರು. ತಮಗೆ ನಲವತ್ತರ ಕಾಲುಗಳಿವೆಯೆಂದು ಎಲ್ಲರಿಗೂ ಅದೇ ಅಳತೆಯಲ್ಲಿ ಟೂರು ಹಾಕುತ್ತಾರೆ. "ಅಮ್ಮಾ, ಆಗುತ್ತದಲ್ಲ?" ಎಂದು ಕೇಳಿದರೆ ಯಾವ ಅಮ್ಮನೂ ಆಗುವುದಿಲ್ಲ ಎನ್ನುವುದಿಲ್ಲ. ದಾರಿಯಲ್ಲಿ ಶೌಚಾಲಯ ಕೇಳಲು ಸಂಕೋಚಪಟ್ಟು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಸಕ್ಕರೆ ಕಾಯಿಲೆಗೋ ಬಿ.ಪಿ.ಗೋ ಮಾತ್ರೆ ನುಂಗುತ್ತಿರುವವರು ಮೇ ತಿಂಗಳ ಸೆಕೆಯಲ್ಲಿ ನೀರು ಬಿಡುವುದನ್ನು ನಾವು ಸಹಿಸಬಾರದು.

ಸರ್ಪಸಂಸ್ಕಾರಕ್ಕೆಂದು ಸುಬ್ರಹ್ಮಣ್ಯಕ್ಕೆ ಹೋಗುವ ಕುಟುಂಬಗಳನ್ನು ನೋಡಿ. ಆ ಸೇವೆಗೆ ಎರಡು ದಿನ ಬೇಕು, ಉಳಿಯಲೇಬೇಕು. ಬೇರೆ ದಾರಿಯಿಲ್ಲದ್ದರಿಂದ ಅವರ ಪ್ರವಾಸ ತಾನಾಗಿ ನಿಧಾನವಾಗುತ್ತದೆ, ಸಂಜೆ ಮಕ್ಕಳು ಅಜ್ಜನ ಜೊತೆ ಕುಮಾರಧಾರೆಯ ದಡಕ್ಕೂ ಹೋಗಿಬರುತ್ತಾರೆ. ಆ ನಿಧಾನವನ್ನು ಸೇವೆಯಿಲ್ಲದ ದಿನಕ್ಕೂ ಯಾಕೆ ಇಟ್ಟುಕೊಳ್ಳಬಾರದು? ದಿನಕ್ಕೆ ಒಂದೇ ಕ್ಷೇತ್ರ, ಊಟದ ನಂತರ ಕೋಣೆ, ನಾಲ್ಕರ ಮೇಲೆ ಮುಂದಿನ ಮಾತು. ಕೊಲ್ಲೂರಿಗಾದರೆ ಮತ್ಸ್ಯಗಂಧ ರೈಲಿನಲ್ಲಿ ಬೈಂದೂರಿನವರೆಗೆ ಹೋಗಿ ಅಲ್ಲಿಂದ ಗಾಡಿ ಮಾಡಬಹುದು. ರೈಲಿನಲ್ಲಿ ಕಾಲು ಚಾಚಬಹುದು, ಯಾರನ್ನೂ ಕೇಳದೆ ಶೌಚಾಲಯಕ್ಕೆ ಎದ್ದುಹೋಗಬಹುದು.

ಮೆಟ್ಟಿಲನ್ನೂ ಎಣಿಸಬೇಕು. ಕಾರ್ಕಳದ ಗೊಮ್ಮಟ 42 ಅಡಿ, 1432ರದು, ಬಂಡೆಗುಡ್ಡದ ಮೇಲೆ ನಿಂತಿದೆ. ವೇಣೂರಿನದು 35 ಅಡಿ, 1604ರದು, ಫಲ್ಗುಣಿ ನದಿಯ ಸಮೀಪ ಸಮತಟ್ಟು ನೆಲದಲ್ಲಿದೆ. ಮಂಡಿನೋವಿನವರು ಮನೆಯಲ್ಲಿದ್ದರೆ ಎತ್ತರ ಕಡಿಮೆಯಾದರೂ ವೇಣೂರೇ ಮೇಲು. ದಾರಿಯಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇದೆ, 1430ರದು. ಒಂದಕ್ಕೊಂದು ಹೋಲದ ಅದರ ಕಂಬಗಳ ಕೆತ್ತನೆಯಲ್ಲಿ ಮಕ್ಕಳು ಆನೆ, ಕುದುರೆ ಹುಡುಕುತ್ತಿದ್ದರೆ ಹಿರಿಯರು ಜಗಲಿಯ ತಂಪಿನಲ್ಲಿ ಕೂತಿರಬಹುದು. ಯಾರೂ ಯಾರಿಗೂ ಕಾಯಬೇಕಾಗಿಲ್ಲ.

ನನ್ನ ಮಟ್ಟಿಗೆ ಪಿಲಿಕುಳ ಇದಕ್ಕಿಂತಲೂ ಹೆಚ್ಚು. ನಗರದಿಂದ ಹತ್ತು ಹನ್ನೆರಡು ಕಿ.ಮೀ. ಅಷ್ಟೇ ಎಂಬ ಕಾರಣಕ್ಕೆ ನಾವು ಅದನ್ನು ಪ್ರವಾಸವೆಂದೇ ಲೆಕ್ಕಿಸುವುದಿಲ್ಲ. ಪ್ರಾಣಿಗಳೂ 2018ರಲ್ಲಿ ತೆರೆದ ತಾರಾಲಯವೂ ಮಕ್ಕಳಿಗಾಯಿತು. ಆದರೆ ಅಲ್ಲಿನ ಗುತ್ತುಮನೆಗೆ, ಕುಶಲಕರ್ಮಿಗಳ ಗ್ರಾಮಕ್ಕೆ ಕಾಲಿಟ್ಟಾಗ ಹಿರಿಯರ ನಡೆಯೇ ಬದಲಾಗುತ್ತದೆ. ಕುಂಬಾರನ ತಿಗರಿ, ಮಗ್ಗಗಳ ಮುಂದೆ ನಿಂತು ಫಲಕ ಓದಬೇಕಾದವರು ಮಗ ಸೊಸೆ; ಅಜ್ಜಿಗೆ ಫಲಕ ಬೇಡ. ಚಾವಡಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಭತ್ತವನ್ನು ಎಲ್ಲಿ ತುಂಬಿಡುತ್ತಿದ್ದರು ಎಂದು ಅವರೇ ತೋರಿಸುತ್ತಾರೆ. ಮೂರು ತಲೆಮಾರಿನ ಪ್ರವಾಸಕ್ಕೆ ಸ್ಥಳ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನೇ: ಅಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರು ನಮ್ಮ ಹಿರಿಯರಾಗಿರುತ್ತಾರೆಯೇ?

ಗಲ್ಫಿನ ಮೊಮ್ಮಕ್ಕಳ ಪ್ರಶ್ನೆ ಬೇರೆ. ಅಲ್ಲಿನ ಶಾಲೆಗಳ ಬೇಸಿಗೆ ರಜೆ ಜುಲೈ, ಆಗಸ್ಟಿನಲ್ಲಿ. ಇಲ್ಲಿ ಆಗ ಜಡಿಮಳೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಪಣಂಬೂರಿನಲ್ಲಿ ನೀರಿಗಿಳಿಯುವಂತಿಲ್ಲ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದು ಎಲ್ಲರಿಗೂ ನೆನಪಿದೆ. ಆದರೂ ಟಿಕೆಟಿಗೆ ಅಷ್ಟು ದುಡ್ಡು ಸುರಿದು ಬಂದಿದ್ದಾರೆಂದು ಘಾಟಿ ಹತ್ತಿಸುವವರಿದ್ದಾರೆ. ಅದು ಬೇಡ. ಅದು ಆಟಿ ತಿಂಗಳು: ಪತ್ರೊಡೆ, ಕಣಿಲೆ, ತಿಮರೆ ಚಟ್ನಿಗಳ ಕಾಲ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಬೇಕು, ಮೇಲೆ ಮೆಂತೆ ಗಂಜಿ. ಮರ ಗುರುತು ತಪ್ಪಿದರೆ ಪ್ರಾಣಾಪಾಯ, ಆದ್ದರಿಂದ ಬಲ್ಲ ಹಿರಿಯರೇ ಮುಂದೆ ನಡೆಯಬೇಕು. ದುಬೈಯಿಂದ ಬಂದ ಮಕ್ಕಳು ಟಾರ್ಚು ಹಿಡಿದು ಅವರ ಹಿಂದೆ ಹೋಗಲಿ. ಆ ದಿನಕ್ಕೆ ಬೇರೆ ಯಾವ ಗಾಡಿಯನ್ನೂ ಗೊತ್ತುಮಾಡಬೇಡಿ.