ಅಮೆರಿಕದ ಸೂತ್ರ, ಕೊಟ್ಟಿಗೆಹಾರದ ನೀರಾವಿ

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಮೊದಲು ಸಿಗುವ ಪೇಟೆ ಕೊಟ್ಟಿಗೆಹಾರ. ಮಳೆಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ನೀರಿದೆಯೆಂದು ತಿಳಿಯಲು ಉಪಕರಣ ಬೇಕಿಲ್ಲ. ಒಗೆದು ಹರವಿದ ಬಟ್ಟೆಯೇ ಸಾಕು. ಎಷ್ಟಿದೆ ಎಂಬುದು ಬೇರೆ ಪ್ರಶ್ನೆ. ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಿಂದ ಅದಕ್ಕೆ ಉತ್ತರ ಪಡೆಯುವ ದಾರಿಯನ್ನು ಮೈಕೇಲ್ ಬೆವಿಸ್ ಮತ್ತು ಸಂಗಡಿಗರು 1992ರಲ್ಲಿ 'ಜರ್ನಲ್ ಆಫ್ ಜಿಯೊಫಿಸಿಕಲ್ ರಿಸರ್ಚ್' ಪತ್ರಿಕೆಯ ಪ್ರಬಂಧವೊಂದರಲ್ಲಿ ತೋರಿಸಿದರು. ಈ ಕ್ಷೇತ್ರಕ್ಕೆ ಅದೇ ಮೂಲಪಾಠ. ಅದನ್ನು ಘಟ್ಟದ ನೆತ್ತಿಯಲ್ಲಿ ನಿಂತು ಓದಿದರೆ ಯಾವುದು ಗಟ್ಟಿಯಾಗಿ ಉಳಿಯುತ್ತದೆ, ಯಾವುದು ಅಲುಗಾಡುತ್ತದೆ ಎಂದು ನೋಡೋಣ.

ಉಪಗ್ರಹದ ರೇಡಿಯೊ ಅಲೆ ನಿರ್ವಾತಕ್ಕಿಂತ ಗಾಳಿಯಲ್ಲಿ ತುಸು ನಿಧಾನವಾಗಿ ಸಾಗುತ್ತದೆ. ಹೀಗಾಗಿ ಉಪಗ್ರಹ ಇರುವುದಕ್ಕಿಂತ ದೂರದಲ್ಲಿರುವಂತೆ ಗ್ರಾಹಕಕ್ಕೆ ತೋರುತ್ತದೆ. ಅಯಾನುಗೋಳದ ಪಾಲನ್ನು ಎರಡು ಆವೃತ್ತಿಗಳನ್ನು ಹೋಲಿಸಿ ಕಳೆಯಬಹುದು. ಉಳಿಯುವ ವಿಳಂಬದಲ್ಲಿ ಒಣಗಾಳಿಯದೇ ಸಿಂಹಪಾಲು: ಸಮುದ್ರಮಟ್ಟದಲ್ಲಿ, ನೆತ್ತಿಯ ನೇರಕ್ಕೆ, ದೂರದ ಲೆಕ್ಕದಲ್ಲಿ ಸುಮಾರು 2.3 ಮೀಟರ್. ನೀರಾವಿಯ ಪಾಲು ಹೆಚ್ಚೆಂದರೆ 40 ಸೆಂ.ಮೀ.ನಷ್ಟು. ಒಣ ಪಾಲನ್ನು ನೆಲಮಟ್ಟದ ಒತ್ತಡದಿಂದ ಲೆಕ್ಕ ಹಾಕಬಹುದು. ಒತ್ತಡ 900 ಹೆಕ್ಟೊಪಾಸ್ಕಲ್ ಇರುವ ಬೆಟ್ಟದಲ್ಲಿ ಅದು 2.05 ಮೀಟರ್. ಒಟ್ಟು ವಿಳಂಬದಿಂದ ಇದನ್ನು ಕಳೆದು, ಉಳಿದುದನ್ನು ಸುಮಾರು 6.5ರಿಂದ ಭಾಗಿಸಿದರೆ, ನೆತ್ತಿಯ ಮೇಲಿನ ನೀರಾವಿಯೆಲ್ಲ ನೀರಾಗಿ ನಿಂತಾಗ ಎಷ್ಟು ಮಿ.ಮೀ. ಆಳವಾದೀತೆಂದು ತಿಳಿಯುತ್ತದೆ. ಸ್ಥಾನ ಗುರುತಿಸುವವರು ದೋಷವೆಂದು ಬಿಸಾಡುತ್ತಿದ್ದುದೇ ಹವಾವಿಜ್ಞಾನಿಗೆ ಫಸಲಾಯಿತು.

ಆದರೆ ಈ 6.5 ಸ್ಥಿರಾಂಕವಲ್ಲ. ನೀರಾವಿ ಇರುವ ಪದರಗಳ ಸರಾಸರಿ ಉಷ್ಣತೆಯೊಂದಿಗೆ ಅದು ಬದಲಾಗುತ್ತದೆ. ಆ ಉಷ್ಣತೆಯನ್ನು ನೆಲದ ಉಷ್ಣತೆಯಿಂದ ಊಹಿಸಲು ಬೆವಿಸ್ ತಂಡ ಕೊಟ್ಟ ಸೂತ್ರ ಅಮೆರಿಕದ 13 ಕೇಂದ್ರಗಳಿಂದ ಹಾರಿಸಿದ 8718 ಬೆಲೂನುಗಳ ದಾಖಲೆಯಿಂದ ಬಂದದ್ದು. ಆ ಕೇಂದ್ರಗಳು 27ರಿಂದ 65 ಡಿಗ್ರಿ ಉತ್ತರ ಅಕ್ಷಾಂಶದೊಳಗಿನವು. ಕೊಟ್ಟಿಗೆಹಾರ 13 ಡಿಗ್ರಿಯಲ್ಲಿದೆ. ಇಲ್ಲಿಯೇ ದೊಡ್ಡ ತಪ್ಪು ಸಿಕ್ಕೀತೆಂದು ನಾನು ಲೆಕ್ಕಕ್ಕೆ ಕುಳಿತೆ. ಸಿಗಲಿಲ್ಲ. ಊಹೆ 5 ಡಿಗ್ರಿ ತಪ್ಪಿದರೂ ಉತ್ತರ ಕೆಡುವುದು ಶೇಕಡಾ 2ಕ್ಕಿಂತ ಕಡಿಮೆ, 50 ಮಿ.ಮೀ.ಯಲ್ಲಿ ಒಂದು ಮಿ.ಮೀ. ಕೂಡ ಇಲ್ಲ. ಪರದೇಶದ ಸೂತ್ರವೆಂಬ ಆಕ್ಷೇಪಣೆಗೆ ಇಷ್ಟೇ ತೂಕ.

ಒತ್ತಡದ ವಿಷಯ ಹಾಗಲ್ಲ. ನಮ್ಮ ದೇಶದ ಅನೇಕ ಜಿ.ಪಿ.ಎಸ್. ಕೇಂದ್ರಗಳು ಭೂಚಿಪ್ಪಿನ ಚಲನೆಯನ್ನು ಅಳೆಯಲು ಹುಟ್ಟಿದವು. ಪಕ್ಕದಲ್ಲಿ ಒತ್ತಡಮಾಪಕ ಇರಲೇಬೇಕೆಂದಿಲ್ಲ. ಬೆಂಗಳೂರಿನ ಸಿ-ಮ್ಯಾಕ್ಸ್ ಕೇಂದ್ರದ ಶ್ರೀದೇವಿ ಜಡೆ ಮತ್ತು ಎಂ.ಎಸ್.ಎಂ. ವಿಜಯನ್ 2008ರ ಪ್ರಬಂಧದಲ್ಲಿ ಈ ಕೊರತೆಯನ್ನು ಜಾಗತಿಕ ಮರುವಿಶ್ಲೇಷಣೆಯ ದತ್ತಾಂಶದಿಂದ ತುಂಬಿಕೊಂಡರು. ಬಯಲುಸೀಮೆಗೆ ಇದು ಒಳ್ಳೆಯ ಉಪಾಯ. ಆದರೆ ಅವರು ಬಳಸಿದ ದತ್ತಾಂಶದ ಜಾಲದ ಕಣ್ಣು 2.5 ಡಿಗ್ರಿ, ಅಂದರೆ ಸುಮಾರು 270 ಕಿ.ಮೀ. ಅಷ್ಟು ಅಗಲದೊಳಗೆ ಕಡಲು, ಘಟ್ಟ, ಮೈದಾನ ಮೂರೂ ಅಡಗುತ್ತವೆ. ಎತ್ತರಕ್ಕೆ ತಕ್ಕಂತೆ ತಿದ್ದಿಕೊಂಡರೂ ಒಂದು ಹೆಕ್ಟೊಪಾಸ್ಕಲ್ ತಪ್ಪಿಗೆ 0.35 ಮಿ.ಮೀ. ತಪ್ಪು ಸೇರುತ್ತದೆ, ಎತ್ತರದಲ್ಲಿ ನೂರು ಮೀಟರ್ ಎಡವಿದರೆ ಮೂರು ಮಿ.ಮೀ.ಗೂ ಮೀರಿ. ಗ್ರಾಹಕದ ಪಕ್ಕದಲ್ಲೇ ಒಂದು ಒಳ್ಳೆಯ ಒತ್ತಡಮಾಪಕ ಇಟ್ಟರೆ ಈ ತಕರಾರೇ ಇಲ್ಲ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಹೆಸರಿನ ಮೇಲೆ. ಈ ಅಳತೆಯನ್ನು 'ಮಳೆಯಾಗಬಲ್ಲ ನೀರು' ಎನ್ನುವುದು ರೂಢಿ. ವಿದ್ಯಾರ್ಥಿ ಇದನ್ನು ತೊಟ್ಟಿಯಲ್ಲಿ ತುಂಬಿಟ್ಟ ನೀರೆಂದು ತಿಳಿದರೆ ತಪ್ಪು ಅವನದಲ್ಲ. ಘಟ್ಟದ ಅಂಚಿನಲ್ಲಿ ಜೋರು ಮಳೆಯ ದಿನ 200 ಮಿ.ಮೀ. ಸುರಿಯುವುದುಂಟು. ಮೇಲಿರುವ ನೀರಾವಿ 50 ಮಿ.ಮೀ. ಎಂದುಕೊಂಡು, ಅದೆಲ್ಲ ಮಳೆಯಾಗುತ್ತದೆಂದೇ ಇಟ್ಟುಕೊಂಡರೂ ಆ ತೊಟ್ಟಿ ಒಂದೇ ದಿನ ನಾಲ್ಕು ಸಲ ಬರಿದಾಗಿ ತುಂಬಬೇಕು. ಮಳೆಯನ್ನು ನಿರ್ಧರಿಸುವುದು ದಾಸ್ತಾನಲ್ಲ, ಹರಿವು: ಪಡುವಣ ಗಾಳಿಯ ವೇಗ, ಮತ್ತು ಅದನ್ನು ಮೇಲೆತ್ತುವ ಘಟ್ಟ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದಂಥ ದಿನಗಳನ್ನು ಈ ಒಂದು ಸಂಖ್ಯೆಯಿಂದ ಮುಂಗಾಣಬಹುದೆಂದು ಹೇಳುವುದು ಅಪಾಯದ ಮಾತು. ಮುಂಗಾರಿನಲ್ಲಿ ಆ ಸಂಖ್ಯೆ ಹೆಚ್ಚುಕಡಿಮೆ ದಿನವೂ ತುಂಬಿಯೇ ಇರುತ್ತದೆ.

ಇನ್ನೊಂದು ತೊಡಕೂ ಇದೆ. 'ನೆತ್ತಿಯ ನೇರ' ಎಂಬುದು ಲೆಕ್ಕದ ಮಾತು. ದಿಗಂತದಿಂದ 10 ಡಿಗ್ರಿ ಮೇಲಿರುವ ಉಪಗ್ರಹದ ಸಂಕೇತ, 2 ಕಿ.ಮೀ. ಎತ್ತರದಲ್ಲಿರುವಾಗ ಗ್ರಾಹಕದಿಂದ 11 ಕಿ.ಮೀ. ಆಚೆಗಿರುತ್ತದೆ. ಪಶ್ಚಿಮದಿಂದ ಬಂದದ್ದು ಕಣಿವೆಯ ಗಾಳಿಯನ್ನು ಹಾಯ್ದಿರುತ್ತದೆ, ಪೂರ್ವದ್ದು ಕಾಫಿ ತೋಟಗಳ ಮೇಲಿನ ಗಾಳಿಯನ್ನು. ಎರಡನ್ನೂ ಬೆರೆಸಿ ಸರಾಸರಿ ತೆಗೆದಾಗ, ಘಟ್ಟದಲ್ಲಿ ತಿಳಿಯಬೇಕಾದ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ವಿಧಾನಕ್ಕೆ ಇಲ್ಲಿ ಕೆಲಸವಿಲ್ಲವೆಂದಲ್ಲ. ಮಾರ್ಚ್-ಏಪ್ರಿಲ್‌ನ ಹೂ ಮಳೆಗೆ ಬೆಳೆಗಾರರು ಇಂಚು-ಸೆಂಟಿನ ಲೆಕ್ಕ ಹಿಡಿದು ಕಾಯುವಾಗ ಆಕಾಶ ಇನ್ನೂ ತುಂಬಿರುವುದಿಲ್ಲ; ನೀರಾವಿಯ ಏರಿಳಿತಕ್ಕೆ ಅರ್ಥವಿರುತ್ತದೆ. ಮಂಗಳೂರು, ಬೆಂಗಳೂರಿನ ಬೆಲೂನುಗಳು ದಿನಕ್ಕೆ ಹೆಚ್ಚೆಂದರೆ ಎರಡು ಸಲ ಹೇಳುವುದನ್ನು ಗ್ರಾಹಕ ಅರ್ಧ ಗಂಟೆಗೊಮ್ಮೆ ಹೇಳಬಲ್ಲದು. ಭಾರತೀಯ ಹವಾಮಾನ ಇಲಾಖೆ ಇಂಥ ಗ್ರಾಹಕಗಳನ್ನು ಮೊದಲು ಇಟ್ಟದ್ದು ದೆಹಲಿ, ಮುಂಬಯಿ, ಕೋಲ್ಕತ, ಚೆನ್ನೈ, ಗುವಾಹಟಿಗಳಲ್ಲಿ. ಬೆಲೂನಿನೊಡನೆ ತಾಳೆ ನೋಡಲು ಆ ಊರುಗಳೇ ಸರಿ. ಘಟ್ಟದಲ್ಲಾದರೆ ಒಂದು ಗ್ರಾಹಕ ಸಾಲದು. ಕೆಳಗೆ ಚಾರ್ಮಾಡಿಯಲ್ಲೊಂದು, ಮೇಲೆ ಕೊಟ್ಟಿಗೆಹಾರದಲ್ಲೊಂದು ಇಟ್ಟರೆ ಅವೆರಡರ ವ್ಯತ್ಯಾಸವು ನಡುವಿನ ಪದರದ ನೀರಾವಿಯನ್ನು ಹೆಚ್ಚುಕಡಿಮೆ ಹೇಳುತ್ತದೆ. ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುವುದು ಆ ಪದರದಲ್ಲೇ.